ಚಿಪ್ಪೇ ಮನೆಯಾದ ಪುಟ್ಟ ಮೀನು

ಆಫ್ರಿಕಾ ಖಂಡದ ಪೂರ್ವಭಾಗದಲ್ಲಿ ತಾಂಗಾನಿಕಾ ಎಂಬ ಸರೋವರವಿದೆ. ತಾಂಜಾನಿಯಾ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, ಬುರುಂಡಿ, ಜಾಂಬಿಯಾ ಎಂಬ ನಾಲ್ಕು ದೇಶಗಳ ಗಡಿಗಳನ್ನು ಮುಟ್ಟುವ ಈ ಜಲರಾಶಿ ಸುಮಾರು 670 ಕಿಲೋಮೀಟರ್ ಉದ್ದವಿದ್ದು, 1,470 ಮೀಟರ್‌ವರೆಗೂ ಆಳವಾಗಿದೆ. ಆಳದಲ್ಲಿ ಇದನ್ನು ಮೀರಿಸಿದ ಸಿಹಿನೀರಿನ ಸರೋವರವೆಂದರೆ ರಷ್ಯಾದ ಬೈಕಾಲ್ ಒಂದೇ. ಇಂಥ ಅಗಾಧ ಸರೋವರದ ಅಂಚಿನ ಮರಳಿನಲ್ಲಿ, ನಮ್ಮ ಕಿರುಬೆರಳಿಗಿಂತ ಚಿಕ್ಕದಾದ ಮೀನೊಂದು ಬಸವನಹುಳುವಿನ ಬರಿದಾದ ಚಿಪ್ಪನ್ನು ಮನೆ ಮಾಡಿಕೊಂಡು ಸಂಸಾರ ಸಾಗಿಸುತ್ತಿದೆ.

ವಿಜ್ಞಾನಿಗಳು ಇದನ್ನು ನಿಯೋಲ್ಯಾಂಪ್ರೊಲಾಗಸ್ ಮಲ್ಟಿಫ್ಯಾಸಿಯೇಟಸ್ ಎಂದು ಕರೆಯುತ್ತಾರೆ. ಹಲವು ಪಟ್ಟೆಗಳುಳ್ಳದ್ದು ಎಂಬುದು ಹೆಸರಿನ ಉತ್ತರಾರ್ಧದ ಅರ್ಥ. 1906ರಲ್ಲಿ ಪ್ರಾಣಿಶಾಸ್ತ್ರಜ್ಞ ಬೂಲೆಂಜೆ ಇದನ್ನು ಮೊದಲು ವರ್ಣಿಸಿದರು. ಇದು ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದೆ. 1952ರಲ್ಲಿ ಭಾರತಕ್ಕೆ ತರಲಾಗಿ ಇಂದು ನಮ್ಮ ಕೆರೆಗಳಲ್ಲಿಯೂ ತುಂಬಿರುವ ತಿಲಾಪಿಯಾ ಈ ಕುಟುಂಬದ ದೊಡ್ಡ ದಾಯಾದಿ. ಆದರೆ ನಮ್ಮ ಈ ಮೀನು ಕುಟುಂಬದಲ್ಲೇ ಅತ್ಯಂತ ಕಿರಿದಾದವುಗಳಲ್ಲಿ ಒಂದು. ಗಂಡು 4ರಿಂದ 5 ಸೆಂಟಿಮೀಟರ್ ಬೆಳೆದರೆ, ಹೆಣ್ಣು 3 ಸೆಂಟಿಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ.

ನಿಯೋಥೌಮಾ ಎಂಬ ಬಸವನಹುಳು ಸತ್ತ ಮೇಲೆ ಅದರ ಚಿಪ್ಪು ತಳದಲ್ಲಿ ಉಳಿಯುತ್ತದೆ. ಸರೋವರದ ನೀರಿನಲ್ಲಿ ಸುಣ್ಣದ ಅಂಶ ಹೇರಳವಾಗಿರುವುದರಿಂದ ಚಿಪ್ಪು ಬೇಗ ಕರಗದೆ ಬಹುಕಾಲ ಬಾಳುತ್ತದೆ. ಹೀಗೆ ತಲೆತಲಾಂತರದಿಂದ ಕೂಡಿಬಿದ್ದ ಚಿಪ್ಪುಗಳ ಹಾಸಿನಲ್ಲಿ ಈ ಮೀನುಗಳು ಗುಂಪುಗೂಡಿ ನೆಲೆಸುತ್ತವೆ. ಒಂದು ಗುಂಪಿನಲ್ಲಿ ಒಂದೆರಡು ಗಂಡು, ಹಲವು ಹೆಣ್ಣು ಹಾಗೂ ಬೇರೆ ಬೇರೆ ವಯಸ್ಸಿನ ಮರಿಗಳಿರುತ್ತವೆ. ಚಿಪ್ಪು ಮರಳಿನಲ್ಲಿ ಹೂತಿದ್ದರೆ ಅವು ಬಾಯಿತುಂಬ ಮರಳನ್ನು ಕಚ್ಚಿ ದೂರ ಉಗುಳುತ್ತವೆ. ಎಷ್ಟೋ ಬಾರಿ ಈ ಕೆಲಸವನ್ನು ಮಾಡಿ, ಕೊನೆಗೆ ತಗ್ಗೊಂದರಲ್ಲಿ ಚಿಪ್ಪುಗಳ ಕೇರಿಯನ್ನೇ ನಿರ್ಮಿಸುತ್ತವೆ.

ಹೆಣ್ಣು ತನ್ನ ಚಿಪ್ಪಿನ ಒಳಸುರುಳಿಯಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಹೊರಬಂದ ಮೇಲೂ ದೂರ ಹೋಗದೆ, ತಾಯಿಯ ಬಾಗಿಲಲ್ಲೇ ಸುಳಿಯುತ್ತ ನೀರಿನಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತವೆ. ಅಪಾಯದ ಸುಳಿವು ಸಿಕ್ಕಿತೋ, ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಕೇರಿ ನಿರ್ಜನ! ತನಗಿಂತ ಎಷ್ಟೋ ಪಾಲು ದೊಡ್ಡದಾದ ಜೀವಿ ಮನೆಯ ಬಳಿ ಬಂದರೂ ಈ ಪುಟ್ಟ ತಾಯಿ ಒಮ್ಮೊಮ್ಮೆ ಎದುರು ನಿಲ್ಲುವುದುಂಟು.

ಇದೇ ಸರೋವರದ ಲ್ಯಾಂಪ್ರೊಲಾಗಸ್ ಕ್ಯಾಲಿಪ್ಟೆರಸ್ ಎಂಬ ಮೀನಿನ ರೀತಿ ಬೇರೆ. ಅಲ್ಲಿ ಗೂಡು ಕಾಯುವ ಗಂಡು ಹೆಣ್ಣಿಗಿಂತ ಸುಮಾರು 12 ಪಟ್ಟು ಭಾರ. ಅದು ಚಿಪ್ಪುಗಳನ್ನು ಬಾಯಲ್ಲಿ ಕಚ್ಚಿ ತಂದು ರಾಶಿ ಹಾಕುತ್ತದೆ; ಹೆಣ್ಣು ಬಂದು ಅವುಗಳಲ್ಲಿ ಒಂದನ್ನು ಹೊಕ್ಕು ಮೊಟ್ಟೆಯಿಡುತ್ತದೆ. ಚಿಪ್ಪನ್ನು ಹೊರಬೇಕಾದವನು ದೊಡ್ಡವನಾಗಬೇಕು, ಅದರೊಳಗೆ ಹೋಗಬೇಕಾದವಳು ಸಣ್ಣವಳಾಗಿರಬೇಕು. ಪ್ರಕೃತಿಯ ಲೆಕ್ಕ ಎಷ್ಟು ನೇರವಾಗಿದೆ ನೋಡಿ.

ಇಂಥ ನೆಲೆಗೂ ಈಗ ಆತಂಕ ಒದಗಿದೆ. ಸುತ್ತಲಿನ ಬೆಟ್ಟಗಳ ಕಾಡನ್ನು ಕಡಿದಲ್ಲೆಲ್ಲ ಮಳೆಗೆ ಮಣ್ಣು ಕೊಚ್ಚಿ ಬಂದು ಸರೋವರದ ಅಂಚಿನಲ್ಲಿ ಕೂರುತ್ತದೆ. ಬಾಯಿಂದ ಮರಳು ತೆಗೆಯಬಲ್ಲ ಮೀನು, ಹೊಳೆ ತಂದು ಸುರಿಯುವ ಹೂಳನ್ನು ತೆಗೆಯಬಲ್ಲುದೆ? ಇನ್ನೊಂದೆಡೆ, ನೀರು ಬೆಚ್ಚಗಾಗುತ್ತಿರುವುದರಿಂದ ಮೇಲಿನ ಪದರವೂ ಆಳದ ಪದರವೂ ಬೆರೆಯುವುದು ಕುಗ್ಗಿ, ಆಳದ ಪೋಷಕಾಂಶಗಳು ಮೇಲೇರುವುದು ಕಡಿಮೆಯಾಗಿದೆಯೆಂದು 2003ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ಪೋಷಕಾಂಶ ಕುಗ್ಗಿದರೆ ಸೂಕ್ಷ್ಮಜೀವಿಗಳು ಕುಗ್ಗುತ್ತವೆ. ಅವುಗಳನ್ನು ನಂಬಿದ ಮೀನುಗಳಿಗೂ, ಮೀನುಗಳನ್ನು ನಂಬಿದ ದಡದ ಬೆಸ್ತರಿಗೂ ಅದರ ಬಿಸಿ ತಟ್ಟುತ್ತದೆ.

ಸತ್ತ ಹುಳುವೊಂದು ಬಿಟ್ಟುಹೋದ ಚಿಪ್ಪು ಮತ್ತೊಂದು ಜೀವಿಯ ತೊಟ್ಟಿಲಾಗುತ್ತದೆ. ಬೆಟ್ಟದ ಮೇಲಿನ ಮರ ಉರುಳಿದರೆ ಆ ತೊಟ್ಟಿಲು ನೀರಿನ ತಳದಲ್ಲಿ ಹೂತುಹೋಗುತ್ತದೆ. ಕಾಡಿನ ಲೆಕ್ಕವನ್ನೂ ನೀರಿನ ಲೆಕ್ಕವನ್ನೂ ನಾವು ಬೇರೆ ಬೇರೆ ಕಡತಗಳಲ್ಲಿ ಬರೆದಿಡಬಹುದು. ಈ ಮೀನಿನ ಪಾಲಿಗೆ ಅವೆರಡೂ ಒಂದೇ.