ಹಡಗಿನ ಬಣ್ಣ ಮತ್ತು ಕಡಲಿನ ದ್ವೀಂದ್ರಿಯ ಜೀವಿಗಳು

ಸ್ಪರ್ಶ ಮತ್ತು ರಸನ ಎಂಬ ಎರಡೇ ಇಂದ್ರಿಯಗಳುಳ್ಳ ಜೀವಿಗಳಿಗೆ ಜೈನಶಾಸ್ತ್ರಗಳು ಶಂಖ, ಸಿಂಪಿಗಳನ್ನು ಉದಾಹರಣೆಯಾಗಿ ಕೊಡುತ್ತವೆ. ಕರಾವಳಿ ಸಮುದ್ರಗಳಲ್ಲಿ ಇವುಗಳಿಗೆ ದೊಡ್ಡ ಹಾನಿ ಮಾಡಿದ ಕೃತಕ ರಾಸಾಯನಿಕಗಳಲ್ಲಿ ಟ್ರೈಬ್ಯುಟೈಲ್ ಟಿನ್, ಅಂದರೆ ಟಿಬಿಟಿ, ಒಂದು.

ಹಡಗಿನ ತಳಕ್ಕೆ ಚಿಪ್ಪುಜೀವಿ, ಪಾಚಿ ಅಂಟಿದರೆ ವೇಗ ಕುಗ್ಗುತ್ತದೆ, ಇಂಧನ ಹೆಚ್ಚು ಬೇಕಾಗುತ್ತದೆ. ಇದನ್ನು ತಡೆಯಲು 1960ರ ದಶಕದಿಂದ ಟಿಬಿಟಿ ಬೆರೆಸಿದ ಬಣ್ಣ ಬಳಕೆಗೆ ಬಂತು. ಬಣ್ಣದಿಂದ ಸದಾ ನೀರಿಗೆ ಸೋರುತ್ತಿದ್ದ ಈ ವಿಷ, ಹಡಗನ್ನು ಮುಟ್ಟದ ಜೀವಿಗಳನ್ನೂ ತಲುಪಿತು. ಒಂದು ಲೀಟರ್ ನೀರಿನಲ್ಲಿ ಗ್ರಾಮಿನ ನೂರು ಕೋಟಿಯ ಒಂದು ಭಾಗದಷ್ಟಿದ್ದರೂ ಕೆಲವು ಜಾತಿಯ ಹೆಣ್ಣು ಕಡಲ ಬಸವನಹುಳುಗಳಲ್ಲಿ ಗಂಡಿನ ಅಂಗ ಬೆಳೆಯುತ್ತದೆ. ಪ್ರಮಾಣ ಹೆಚ್ಚಿದರೆ ಮೊಟ್ಟೆ ಇಡಲಾಗದೆ ಸಂತತಿಯೇ ಕ್ಷೀಣಿಸುತ್ತದೆ. ಫ್ರಾನ್ಸಿನ ಅರ್ಕಶೋನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಗೆ ಸಿಂಪಿಗಳ ಮರಿಗಳು ಉಳಿಯದಾದವು. ಬೆಳೆದವುಗಳ ಚಿಪ್ಪು ವಿಕಾರಗೊಂಡಿತು.

1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಈ ಬಣ್ಣವನ್ನು ನಿಷೇಧಿಸಿದ ಮೇಲೆ ಅಲ್ಲಿ ಮರಿಗಳು ಮತ್ತೆ ಕಂಡವು. 2001ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಆದರೆ ಬಂದರುಗಳ ಕೆಸರಿನಲ್ಲಿ ಟಿಬಿಟಿ ವರ್ಷಗಟ್ಟಲೆ ಉಳಿಯುತ್ತದೆ. ಹೂಳೆತ್ತಿದಾಗ ಮತ್ತೆ ನೀರಿಗೆ ಸೇರಬಲ್ಲದು.

ಬಣ್ಣ ಬಳಿದವರಿಗೆ ದೂರದ ಸಿಂಪಿಗಳನ್ನು ಕೊಲ್ಲುವ ಸಂಕಲ್ಪವಿರಲಿಲ್ಲ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನೇ ಮುಖ್ಯವಾಗಿ ಹೇಳುತ್ತದೆ. ಮನೆಯಲ್ಲಿ ಉಳಿದ ಬಣ್ಣ, ಕೀಟನಾಶಕಗಳನ್ನು ಚರಂಡಿಗೆ ಸುರಿಯದಿರುವುದೂ ಅಹಿಂಸೆಯ ಪಾಲನೆಯೇ.