ಪೆಟ್ಟು ಬಿದ್ದ ಡಿಸ್ಕನ್ನು ಮತ್ತೆ ಆನ್ ಮಾಡಬೇಡಿ

2003ರ ಫೆಬ್ರವರಿ 1ರಂದು ಭೂಮಿಗೆ ಮರಳುತ್ತಿದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಅಮೆರಿಕದ ಟೆಕ್ಸಾಸ್ ಮೇಲೆ ಛಿದ್ರವಾಗಿ, ಕಲ್ಪನಾ ಚಾವ್ಲಾ ಸೇರಿದಂತೆ ಏಳೂ ಗಗನಯಾತ್ರಿಗಳು ಅಸುನೀಗಿದರು. ನೌಕೆಯ ಅವಶೇಷಗಳಲ್ಲಿ ಸುಟ್ಟು ಕರಕಲಾದ ಹಾರ್ಡ್ ಡಿಸ್ಕ್ ಒಂದು ಸಿಕ್ಕಿತು. ಕ್ಸೆನಾನ್ ಅನಿಲದ ಮೇಲೆ ಬಾಹ್ಯಾಕಾಶದಲ್ಲಿ ನಡೆಸಿದ ಪ್ರಯೋಗದ ಅಂಕಿಅಂಶಗಳು ಅದರಲ್ಲಿದ್ದವು. ತಜ್ಞರು ಒಳಗಿನ ತಟ್ಟೆಗಳನ್ನು ತೆಗೆದು, ಶುಚಿಗೊಳಿಸಿ, ಬೇರೊಂದು ಡ್ರೈವ್‌ನಲ್ಲಿ ಕೂರಿಸಿ ಶೇ. 99ರಷ್ಟು ಡೇಟಾ ಓದಿದರು. ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವೂ ಆಯಿತು.

ಆಕಾಶದಿಂದ ಬಿದ್ದ ಡಿಸ್ಕ್ ಉಳಿಯುತ್ತದೆ, ಮೇಜಿನಿಂದ ಬಿದ್ದದ್ದು ಎಷ್ಟೋ ಸಲ ಉಳಿಯುವುದಿಲ್ಲ. ಕೊಲಂಬಿಯಾದ ಡಿಸ್ಕ್ ಅವಘಡದ ಹೊತ್ತಿಗೆ ತಿರುಗುತ್ತಿರಲಿಲ್ಲ ಎಂಬುದು ಇದಕ್ಕೆ ಒಂದು ಮುಖ್ಯ ಕಾರಣ. ಯಂತ್ರ ಕೆಟ್ಟ ಮಾತ್ರಕ್ಕೆ ಡೇಟಾ ಹೋಯಿತು ಎಂದಲ್ಲ. ಪೆಟ್ಟು ಬಿದ್ದ ಮೇಲೂ ಯಂತ್ರ ಓಡುತ್ತಲೇ ಇದ್ದರೆ ಡೇಟಾ ಹೋಗುತ್ತದೆ.

ಹಾರ್ಡ್ ಡಿಸ್ಕ್ ಒಳಗೆ

ಹಾರ್ಡ್ ಡಿಸ್ಕಿನ ತಟ್ಟೆಗಳು ಗಾಜಿನವು ಅಥವಾ ಅಲ್ಯೂಮಿನಿಯಂನವು. ಅವುಗಳ ಮೇಲಿನ ತೆಳುವಾದ ಕಾಂತೀಯ ಲೇಪನದಲ್ಲೇ ನಮ್ಮ ಫೈಲುಗಳಿರುತ್ತವೆ. ಡೆಸ್ಕ್‌ಟಾಪ್ ಡಿಸ್ಕುಗಳು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತವೆ. ಓದುವ ಹೆಡ್ ಲೇಪನವನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ಕೂದಲೆಳೆಯ ದಪ್ಪ ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು.

ಆಫ್ ಮಾಡಿದಾಗ ಹೆಡ್ ಬದಿಗೆ ಸರಿದು ನಿಲ್ಲುತ್ತದೆ. ಆದ್ದರಿಂದ ನಿಂತ ಡಿಸ್ಕ್ ಹೆಚ್ಚಿನ ಹೊಡೆತ ತಾಳುತ್ತದೆ. ತಿರುಗುವಾಗ ಬಿದ್ದರೆ ಹೆಡ್ ತಟ್ಟೆಗೆ ಬಡಿದು ಲೇಪನವನ್ನು ಕೆರೆಯುತ್ತದೆ. ಕೆರೆದ ಜಾಗದ ಡೇಟಾವನ್ನು ಯಾರೂ ಮರಳಿ ತರಲಾರರು. ಉದುರಿದ ಪುಡಿ ಹೆಡ್ ಅಡಿಗೆ ಸಿಕ್ಕಿ ಉಳಿದ ಜಾಗವನ್ನೂ ಗೀಚುತ್ತದೆ. ‘ಟಕ್, ಟಕ್’ ಎಂಬ ಸದ್ದು ಕೇಳಿದರೆ, ಹೆಡ್ ದಾರಿ ಸಿಗದೆ ಮತ್ತೆ ಮತ್ತೆ ಹಿಂದಿರುಗುತ್ತಿದೆ ಎಂದು ತಿಳಿಯಿರಿ. ‘ಇನ್ನೊಂದು ಸಲ ಆನ್ ಮಾಡಿ ನೋಡೋಣ’ ಎನ್ನುವ ಪ್ರತಿ ಪ್ರಯತ್ನವೂ ಉಳಿದದ್ದನ್ನು ಕಳೆಯಬಹುದು.

ರಿಕವರಿ ಸಾಫ್ಟ್‌ವೇರ್ ಇರುವುದು ಅಳಿಸಿಹೋದ ಫೈಲುಗಳಿಗೆ. ಗಾಯಗೊಂಡ ಡಿಸ್ಕಿನ ಮೇಲೆ ಅದನ್ನು ಓಡಿಸಬೇಡಿ. ಫ್ರೀಜರ್‌ನಲ್ಲಿಟ್ಟರೆ ತೇವ ಕಟ್ಟಿಕೊಂಡು ತೊಂದರೆ ಹೆಚ್ಚುತ್ತದೆ. ಮನೆಯಲ್ಲಿ ಮುಚ್ಚಳ ಬಿಚ್ಚಿದರೆ ಗಾಳಿಯ ದೂಳು ತಟ್ಟೆಯ ಮೇಲೆ ಕೂರುತ್ತದೆ. ಬಿಚ್ಚುವ ಕೆಲಸ ದೂಳಿಲ್ಲದ ಕ್ಲೀನ್ ರೂಮ್‌ನಲ್ಲೇ ಆಗಬೇಕು.

ಎಸ್‌ಎಸ್‌ಡಿಯ ಕಥೆ ಬೇರೆ

ಡೇಟಾವನ್ನು ಮೆಮೊರಿ ಚಿಪ್‌ಗಳಲ್ಲಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗಗಳಿಲ್ಲ, ಬಿದ್ದರೂ ಅದು ಸಾಮಾನ್ಯವಾಗಿ ಬದುಕುತ್ತದೆ. ಅಪಾಯ ಇರುವುದು ಬೋರ್ಡ್ ಬಿರುಕು ಬಿಡುವುದರಲ್ಲಿ, ಬೆಸುಗೆ ಕಳಚುವುದರಲ್ಲಿ, ವೋಲ್ಟೇಜ್ ಏರಿ ಕಂಟ್ರೋಲರ್ ಚಿಪ್ ಸುಡುವುದರಲ್ಲಿ. ಎಸ್‌ಎಸ್‌ಡಿ ಒಂದೇ ಫೈಲಿನ ತುಣುಕುಗಳನ್ನು ಹಲವು ಚಿಪ್‌ಗಳಿಗೆ ಹಂಚಿರುತ್ತದೆ. ಯಾವ ತುಣುಕು ಎಲ್ಲಿದೆ ಎಂಬ ಲೆಕ್ಕವನ್ನು ನೋಡಿಕೊಳ್ಳುವುದು ಕಂಟ್ರೋಲರ್. ಅದು ಸತ್ತರೆ, ಮೆಮೊರಿ ಚಿಪ್‌ಗಳು ಚೆನ್ನಾಗಿದ್ದರೂ ಒಳಗಿರುವುದು ಪುಟಸಂಖ್ಯೆಯಿಲ್ಲದೆ ಕಲಸಿಹೋದ ಪುಸ್ತಕ. ಡೇಟಾ ಎನ್‌ಕ್ರಿಪ್ಟ್ ಆಗಿದ್ದರೆ ಕೀಲಿ ಇಲ್ಲದೆ ಚಿಪ್ ಕಿತ್ತರೂ ಪ್ರಯೋಜನವಿಲ್ಲ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಬಳಸುವವರು ಅದರ ರಿಕವರಿ ಕೀ ಸಂಖ್ಯೆಯನ್ನು ಬೇರೆಡೆ ಬರೆದಿಡಬೇಕಾದದ್ದು ಇದಕ್ಕೇ.

ನೀರು, ಕಾಫಿ, ನೆರೆ

ನೀರಿಗಿಂತ ಕೆಟ್ಟದ್ದು ನೀರಿನ ಜೊತೆಗಿನ ಕರೆಂಟ್. ನಲ್ಲಿ ನೀರಿನ ಲವಣಗಳು ವಿದ್ಯುತ್ತನ್ನು ಹರಿಸುತ್ತವೆ. ಆಗ ಬೋರ್ಡಿನ ತಾಮ್ರ ಸವೆಯತೊಡಗುತ್ತದೆ, ಒಂದು ತಂತಿಯಿಂದ ಇನ್ನೊಂದಕ್ಕೆ ಲೋಹದ ಎಳೆ ಬೆಳೆದು ಶಾರ್ಟ್ ಆಗುತ್ತದೆ. ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿದರೆ ಸಕ್ಕರೆ, ಹಾಲು ಅಂಟಿಕೊಂಡು ಒಣಗಿದ ಮೇಲೂ ತೇವ ಹಿಡಿದಿಡುತ್ತವೆ. ಕೂಡಲೇ ಆಫ್ ಮಾಡಿ, ಚಾರ್ಜರ್ ಕೀಳಿ. ಬ್ಯಾಟರಿ ತೆಗೆಯಲು ಬಂದರೆ ಅದನ್ನೂ ತೆಗೆಯಿರಿ. ರಿಪೇರಿಯವರು ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯುವವರೆಗೆ ಆನ್ ಮಾಡಬೇಡಿ. ಅಕ್ಕಿಯಲ್ಲಿ ಹೂತಿಟ್ಟರೆ ಒಳಗಿನ ಲವಣ ಹೋಗದು, ಅಕ್ಕಿಯ ಪುಡಿ ಸೇರಿಕೊಳ್ಳುತ್ತದೆ.

ಮಳೆನೀರು ಮನೆಗೆ ನುಗ್ಗಿ ಹಾರ್ಡ್ ಡಿಸ್ಕ್ ಮುಳುಗಿದ್ದರೆ, ಅದನ್ನು ಬಿಸಿಲಿಗಿಟ್ಟು ಒಣಗಿಸಬೇಡಿ. ಒಳಗೆ ಸೇರಿದ ಕೆಸರು ಒಣಗಿ ತಟ್ಟೆಗೆ ಕಚ್ಚಿಕೊಳ್ಳುತ್ತದೆ. ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ತಜ್ಞರಿಗೆ ಒಯ್ಯುವುದು ಒಳ್ಳೆಯದು.

ಸದ್ದಿಲ್ಲದ ಹಾನಿ

ಯಂತ್ರ ಸರಿಯಾಗಿ ಓಡುತ್ತಿದ್ದರೂ ಫೈಲು ಕೆಟ್ಟಿರಬಹುದು. ಡಿಸ್ಕ್ ಪ್ರತಿ ಸೆಕ್ಟರಿನ (ಡೇಟಾ ಬರೆಯುವ ಪುಟ್ಟ ಖಾನೆಯ) ಜೊತೆ ತಪ್ಪು ತಿದ್ದುವ ಸಂಕೇತವನ್ನೂ ಬರೆದಿಟ್ಟು, ಚಿಕ್ಕ ದೋಷಗಳನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ತೀರಾ ಹಾಳಾದ ಸೆಕ್ಟರನ್ನು ಬಿಟ್ಟು ಮೀಸಲು ಜಾಗ ಬಳಸುತ್ತದೆ. ಆದರೆ ರ‍್ಯಾಮ್ ದೋಷದಿಂದ ಮೊದಲೇ ತಪ್ಪಾಗಿ ಬಂದದ್ದನ್ನು ಡಿಸ್ಕ್ ಹಾಗೆಯೇ ನಿಷ್ಠೆಯಿಂದ ಬರೆಯುತ್ತದೆ. ಫೋಟೊದ ಅರ್ಧಭಾಗ ಬೂದುಬಣ್ಣಕ್ಕೆ ತಿರುಗುವುದು, ಜಿಪ್ ಫೈಲ್ ತೆರೆಯದಿರುವುದು, ಕಾಪಿ ಮಾಡುವಾಗ ನಡುವೆ ನಿಂತುಬಿಡುವುದು ಇಂಥ ಹಾನಿಯ ಲಕ್ಷಣಗಳಾಗಿರಬಹುದು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ‘ಸ್ಮಾರ್ಟ್’ ವರದಿಯನ್ನು ಆಗಾಗ ನೋಡಿ. ಬದಲಾಯಿಸಿದ ಮತ್ತು ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ, ಆ ಡಿಸ್ಕಿನಿಂದ ಮೊದಲು ನಿಮಗೆ ಬೇಕಾದ ಫೈಲುಗಳನ್ನು ಹೊರತೆಗೆಯಿರಿ.

ಹೊಸ ಲ್ಯಾಪ್‌ಟಾಪ್ ಅಂಗಡಿಯಲ್ಲಿ ಸಿಗುತ್ತದೆ. ಮದುವೆಯ ಫೋಟೊ, ವರ್ಷಗಟ್ಟಲೆ ಸೇರಿಸಿದ ಸಂಶೋಧನೆಯ ಟಿಪ್ಪಣಿ, ಅಂಗಡಿಯ ಲೆಕ್ಕ ಸಿಗುವುದಿಲ್ಲ. ಇವುಗಳ ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಮನೆಯಿಂದಾಚೆ. ಹೊರಗಿನ ಡಿಸ್ಕನ್ನು ಕೆಲಸ ಮುಗಿದ ಮೇಲೆ ಕಿತ್ತು ಬೇರೆ ಇಡಿ. ಸದಾ ಸಿಕ್ಕಿಸಿಟ್ಟರೆ, ಒಂದು ಸಿಡಿಲು ಎರಡನ್ನೂ ಸುಡಬಹುದು. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದೆರಡು ಫೈಲುಗಳನ್ನು ತೆರೆದು ಪರೀಕ್ಷಿಸಿ. ತೆರೆದು ನೋಡದ ಬ್ಯಾಕಪ್ ಮೇಲೆ ಭರವಸೆ ಇಡುವಂತಿಲ್ಲ.