ಮಣಿಪಾಲ ಹತ್ತಿರ ಉಂಟು, ಆದರೆ ಶಿರ್ವದ ಆಸ್ಪತ್ರೆಯೂ ಬೇಕು

ಶಂಕರಪುರದ ಪೇಟೆಯಲ್ಲಿ ಈಹೊತ್ತು ಮಲ್ಲಿಗೆ ಅಟ್ಟೆಗೆ ಎಷ್ಟು ಎಂದು ಕೇಳಿ. ಶಾಲೆಗೆ ಹೋಗುವ ಮಕ್ಕಳೂ ಹೇಳಿಯಾರು. ಅದೇ ಪೇಟೆಯಲ್ಲಿ ನಿಂತು, "ಶಿರ್ವದ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟ್ರು ಯಾವ ದಿನ ಇರುತ್ತಾರೆ?" ಎಂದು ಕೇಳಿ ನೋಡಿ. ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಸುಮ್ಮನೆ ಮಣಿಪಾಲಕ್ಕೆ ಹೋಗಿ ಮಾರಾಯ್ರೆ."

ಹೇಳುವವರ ತಪ್ಪೇನಿಲ್ಲ. ಮಣಿಪಾಲ ಹತ್ತಿರವೇ ಉಂಟು, ಹೆಸರೂ ಉಂಟು. ಆದರೆ ಎಲ್ಲ ಕಾಯಿಲೆಗೂ, ಎಲ್ಲ ಹೊತ್ತಿಗೂ, ಎಲ್ಲ ಜೇಬಿಗೂ ಅದೊಂದೇ ಉತ್ತರವಾದರೆ ನಡುವೆ ಇರುವ ಊರ ಆಸ್ಪತ್ರೆಯ ಗತಿ ಏನು? ಅದು ಸೊರಗಿದರೆ ನಷ್ಟ ಯಾರಿಗೆ? ಇಂದಿನ ವಿಚಾರ ಇದು.

ಬೆಳೆದ ಊರು

ಕಟಪಾಡಿಯಿಂದ ಶಂಕರಪುರದ ಮೇಲೆ ಶಿರ್ವಕ್ಕೆ ಹೋಗುವ ಬಸ್ಸಿನಲ್ಲಿ ದಿನಾ ತಿರುಗುವವರಿಗೆ ಈ ಕಡೆ ಎಷ್ಟು ಬೆಳೆದಿದೆ ಎಂದು ಹೇಳಬೇಕಾಗಿಲ್ಲ. 1997ರ ಆಗಸ್ಟ್ 25ರಂದು ಉಡುಪಿ ಬೇರೆ ಜಿಲ್ಲೆಯಾಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು. ಪಕ್ಕದ ಇನ್ನಂಜೆಗೂ ಒಂದು ಸ್ಟೇಷನ್ ಬಂತು. ಹೆದ್ದಾರಿ ಅಗಲವಾಯಿತು. 2018ರಲ್ಲಿ ಕಾಪು ಹೊಸ ತಾಲೂಕಾಯಿತು. ರಸ್ತೆಯ ಬದಿಯಲ್ಲಿ ಮನೆ, ಅಂಗಡಿ, ಫ್ಲಾಟು ಎದ್ದವು.

ಇದರ ಜತೆ ಇನ್ನೊಂದು ಸಂಗತಿಯೂ ಉಂಟು. ಮಕ್ಕಳು ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ಗಲ್ಫಿನಲ್ಲಿ. ಊರ ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇಬ್ಬರೇ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಬಸ್ಸಿಲ್ಲ, ರಿಕ್ಷಾ ಸಿಗಬೇಕು, ಕರೆದುಕೊಂಡು ಹೋಗಲು ಜನ ಬೇಕು.

ಆಸ್ಪತ್ರೆಗೆ ಬರವಿಲ್ಲದ ಜಿಲ್ಲೆ

ನಮ್ಮ ಜಿಲ್ಲೆಗೆ ಆಸ್ಪತ್ರೆಯ ಬರ ಎಂದರೆ ಯಾರೂ ನಂಬಲಿಕ್ಕಿಲ್ಲ. 1923ರಲ್ಲೇ ಸ್ವಿಜರ್‌ಲೆಂಡಿನಿಂದ ಬಂದ ಡಾಕ್ಟರಮ್ಮ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಇಂದಿಗೂ ಅದು ಜನರ ಬಾಯಲ್ಲಿ 'ಮಿಷನ್ ಆಸ್ಪತ್ರೆ'. ಕಾರ್ಪೊರೇಶನ್ ಬ್ಯಾಂಕು ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯ ಹೆಂಗಸರ, ಮಕ್ಕಳ ಆಸ್ಪತ್ರೆಗೆ ಜಾಗ ಬಿಟ್ಟುಕೊಟ್ಟರು. ಡಾ. ಟಿ. ಎಂ. ಎ. ಪೈಗಳು 1953ರಲ್ಲಿ ಮಣಿಪಾಲದ ಬೋಳುಗುಡ್ಡೆಯಲ್ಲಿ ಮೆಡಿಕಲ್ ಕಾಲೇಜು ಶುರುಮಾಡಿದರು. 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ ಬಂತು. ಇಂದು ಅಲ್ಲಿ 2,000ಕ್ಕೂ ಹೆಚ್ಚು ಹಾಸಿಗೆಗಳುಂಟು. ಅತ್ತ ಕಾರ್ಕಳದಲ್ಲಿ ಸರಕಾರಿ ಆಸ್ಪತ್ರೆಯೂ ಉಂಟು, ಟಿ. ಎಂ. ಎ. ಪೈ ರೋಟರಿ ಆಸ್ಪತ್ರೆಯೂ ಉಂಟು.

ಹಾಗಾದರೆ ಕೊರತೆ ಎಲ್ಲಿ? ದೊಡ್ಡ ಆಸ್ಪತ್ರೆಗಳ ಎತ್ತರಕ್ಕೂ ಮನೆಯ ಹೊಸ್ತಿಲಿಗೂ ನಡುವೆ ಇರಬೇಕಾದ ಮೆಟ್ಟಿಲಿನಲ್ಲಿ.

ನಡುವಿನ ಮೆಟ್ಟಿಲು

ಸರಕಾರದ ಲೆಕ್ಕ ಸರಳ. ಬಯಲು ಪ್ರದೇಶದಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ. 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಈ ಕಡೆಯವರಿಗೆ ಸಮುದಾಯ ಆರೋಗ್ಯ ಕೇಂದ್ರ ಎಂದರೆ ಶಿರ್ವದ್ದು.

ಹೆಸರಿನಲ್ಲಿ 'ಕೇಂದ್ರ' ಇದ್ದ ಮಾತ್ರಕ್ಕೆ ಮಾತ್ರೆ ಕೊಟ್ಟು ಕಳುಹಿಸುವ ಜಾಗ ಎಂದು ತಿಳಿಯಬಾರದು. ನಿಯಮದ ಪ್ರಕಾರ ಅದು 30 ಹಾಸಿಗೆಯ ಆಸ್ಪತ್ರೆ. ಜನರಲ್ ಫಿಸಿಶಿಯನ್, ಆಪರೇಶನ್ ಮಾಡುವ ಸರ್ಜನ್, ಹೆರಿಗೆ ತಜ್ಞರು, ಮಕ್ಕಳ ಡಾಕ್ಟ್ರು, ಅರಿವಳಿಕೆ ಕೊಡುವವರು ಅಲ್ಲಿರಬೇಕು. ಲ್ಯಾಬು, ಎಕ್ಸ್‌ರೇ ಬೇಕು. ಹೆರಿಗೆಗೆ ರಾತ್ರಿ ಹಗಲು ಬಾಗಿಲು ತೆರೆದಿರಬೇಕು.

ಕಾಗದದಲ್ಲಿ ಹೀಗೆ. ದೇಶದ ಕತೆ ಬೇರೆ. ಕೇಂದ್ರ ಸರಕಾರವೇ 2021-22ರ ವರದಿಯಲ್ಲಿ ಲೆಕ್ಕ ಕೊಟ್ಟಿದೆ: ಗ್ರಾಮೀಣ ಸಮುದಾಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞ ಡಾಕ್ಟರರಲ್ಲಿ ನೂರಕ್ಕೆ ಸುಮಾರು 80 ಮಂದಿಯ ಕೊರತೆ. ಕಟ್ಟಡ ಕಟ್ಟುವುದು ಸುಲಭ, ಡಾಕ್ಟರರನ್ನು ಹಳ್ಳಿಯಲ್ಲಿ ಉಳಿಸುವುದು ಕಷ್ಟ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಒಂದು ಗಂಟೆಯ ಲೆಕ್ಕ

ಮೂರು ಸಂದರ್ಭ ನೋಡಿ.

ಮೊದಲನೆಯದು ಎದೆನೋವು. ಹೃದಯದ ರಕ್ತನಾಳ ಕಟ್ಟಿಕೊಂಡರೆ ಮೊದಲ ಗಂಟೆ ಬಂಗಾರಕ್ಕಿಂತ ದೊಡ್ಡದು. ಇಸಿಜಿ ತೆಗೆದರೆ ಗ್ಯಾಸೋ ಹೃದಯಾಘಾತವೋ ಎಂಬ ಸಂಶಯ ಹೆಚ್ಚಿನ ಮಟ್ಟಿಗೆ ಕಳೆಯುತ್ತದೆ. ಮಂಗಳೂರು ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರಿಂದ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸಾಪಿನಲ್ಲಿ ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದರು. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರಕಾರ 'ಹೃದಯಜ್ಯೋತಿ' ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜಕ್ಷನನ್ನು ಧರ್ಮಕ್ಕೆ ಕೊಡುವ ಕ್ರಮ ಅದು. ಎರಡೂ ಕಲಿಸುವ ಪಾಠ ಒಂದೇ: ಸಣ್ಣ ಆಸ್ಪತ್ರೆ ಮೊದಲ ಕೆಲಸ ಮಾಡಿದರೆ ಮಾತ್ರ ದೊಡ್ಡ ಆಸ್ಪತ್ರೆಗೆ ರೋಗಿ ಜೀವಂತ ತಲುಪುತ್ತಾನೆ.

ಎರಡನೆಯದು ಹಾವು. ಮಲ್ಲಿಗೆ ಕೊಯ್ಯುವವರು ಬೆಳಕು ಹರಿಯುವ ಮುಂಚೆಯೇ ಗಿಡಗಳ ನಡುವೆ ನಡೆಯುವವರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಪ್ರತಿವಿಷ. ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ನಾಟಿ ಮದ್ದಿನ ಮನೆ ಹುಡುಕುವುದು ಹೊತ್ತು ಕಳೆಯುವ ಕೆಲಸ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ವರದಿ ಸರಿಯಾದರೆ ಯಾವ ಆಸ್ಪತ್ರೆಗೆ ಎಷ್ಟು ಪ್ರತಿವಿಷ ಬೇಕು ಎಂಬ ಲೆಕ್ಕವೂ ಸರಿಯಾದೀತು.

ಮೂರನೆಯದು ಹೆರಿಗೆ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರಕಾರಿ ಆಸ್ಪತ್ರೆಯ ಹೆರಿಗೆಗೆ, ಸಿಸೇರಿಯನ್ ಆದರೂ, ಬಿಲ್ಲಿಲ್ಲ. ಔಷಧ, ಊಟ, ಹೋಗಿಬರುವ ವಾಹನ ಎಲ್ಲ ಧರ್ಮಕ್ಕೆ. ಸಾಲ ಮಾಡಿ ಖಾಸಗಿ ಬಿಲ್ಲು ಕಟ್ಟುವ ಮನೆಗೆ ಇದು ಸಣ್ಣ ಮಾತೇ?

ಚೀಟಿಯ ಸಂಗತಿ

ಅಂಗಡಿಯವರೂ ಬಸ್ಸಿನವರೂ ತಿಳಿದಿರಬೇಕಾದ ಇನ್ನೊಂದು ವಿಷಯ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಖರ್ಚಿನ ನೂರಕ್ಕೆ 30 ಪಾಲು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಆದರೆ ತುರ್ತು ಅಲ್ಲದ ಕಾಯಿಲೆಗೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ ಕಾರ್ಡು ನಡೆಯುವುದಿಲ್ಲ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ರೆಫರಲ್ ಚೀಟಿ ಬರೆದುಕೊಡಬೇಕು. ತುರ್ತು ಎಂದು ಪಟ್ಟಿ ಮಾಡಿದವುಗಳಿಗೆ ಮಾತ್ರ ಚೀಟಿ ಬೇಡ.

ಅಂದರೆ ಮಣಿಪಾಲಕ್ಕೆ ಹೋಗುವವರಿಗೂ ಸರಕಾರಿ ಆಸ್ಪತ್ರೆಯ ಬಾಗಿಲು ತಪ್ಪಿದ್ದಲ್ಲ. ಆ ಬಾಗಿಲಿನಲ್ಲಿ ತಜ್ಞರು ಇದ್ದರೆ ಅರ್ಧ ಮಂದಿಗೆ ಅಲ್ಲೇ ಮದ್ದಾದೀತು. ಇಲ್ಲದಿದ್ದರೆ ಅದು ಚೀಟಿ ಬರೆಯುವ ಕಚೇರಿಯಾಗಿ ಉಳಿದೀತು.

ಕೇಳುವವರು ಬೇಕು

ಇಲ್ಲಿ ಒಂದು ಸುತ್ತು ಉಂಟು. ಡಾಕ್ಟ್ರಿಲ್ಲ ಎಂದು ಜನ ಹೋಗುವುದಿಲ್ಲ. ಜನ ಬಾರದ ಕಾರಣ ರಿಜಿಸ್ಟರಿನಲ್ಲಿ ರೋಗಿಗಳ ಸಂಖ್ಯೆ ಕಡಿಮೆ. ಸಂಖ್ಯೆ ಕಡಿಮೆ ಎಂದು ಮೇಲಿನವರು ಹುದ್ದೆ ತುಂಬಲು ಅವಸರ ಮಾಡುವುದಿಲ್ಲ. ಈ ಸುತ್ತು ಮುರಿಯುವುದು ಭಾಷಣದಿಂದಲ್ಲ. ಜ್ವರ, ಬಿಪಿ, ಸಕ್ಕರೆ ಕಾಯಿಲೆ, ಬಸುರಿಯ ತಪಾಸಣೆ, ಇಂಥವಕ್ಕೆ ಮೊದಲು ಊರ ಆಸ್ಪತ್ರೆಗೆ ಹೋಗುವ ರೂಢಿಯಿಂದ.

ಸಮುದಾಯ ಕೇಂದ್ರಕ್ಕೆ 'ಆರೋಗ್ಯ ರಕ್ಷಾ ಸಮಿತಿ' ಎಂಬುದೊಂದು ಇರುತ್ತದೆ. ಆಸ್ಪತ್ರೆಯ ಕೊರತೆಯನ್ನು ಇಡಬೇಕಾದ ಜಾಗ ಅದೇ. ವರ್ತಕರ ಸಂಘದವರು, ಪಂಚಾಯತಿನವರು, ಹೂವಿನ ವ್ಯಾಪಾರದವರು ಒಮ್ಮೆ ಒಟ್ಟಾಗಿ ಹೋಗಿ ನಾಲ್ಕು ಪ್ರಶ್ನೆ ಕೇಳಲಿ: ಮಂಜೂರಾದ ತಜ್ಞರ ಹುದ್ದೆ ಎಷ್ಟು, ತುಂಬಿದ್ದು ಎಷ್ಟು? ಪ್ರತಿವಿಷ ದಾಸ್ತಾನು ಉಂಟೇ? ರಾತ್ರಿ ಹೆರಿಗೆಗೆ ಯಾರು ಇರುತ್ತಾರೆ? ಇಸಿಜಿ ತೆಗೆಯುವವರು ಎಷ್ಟು ಗಂಟೆಯವರೆಗೆ?

ಉತ್ತರ ಬಂದ ಮೇಲೆ ಅದನ್ನು ಒಂದು ಹಾಳೆಯಲ್ಲಿ ಬರೆದು, 108ರ ನಂಬ್ರವನ್ನೂ ಸೇರಿಸಿ, ಕಟಪಾಡಿಯಿಂದ ಶಿರ್ವದವರೆಗಿನ ಅಂಗಡಿಗಳಲ್ಲಿ ಅಂಟಿಸಲಿ. ತಿಂಗಳಿಗೊಮ್ಮೆ ಹಾಳೆ ಬದಲಾಗಲಿ. ಯಾವ ಹುದ್ದೆ ಖಾಲಿ ಎಂದು ಊರಿಗೆಲ್ಲ ಗೊತ್ತಾದರೆ ಅದನ್ನು ಖಾಲಿ ಇಟ್ಟುಕೊಳ್ಳುವುದು ಯಾವ ಸರಕಾರಕ್ಕೂ ಅಷ್ಟು ಸುಲಭವಲ್ಲ.